ಅಂಗನವಾಡಿಯಲ್ಲಿ ಮಕ್ಕಳ ಹಲ್ಲಿನ ಪಾಠ: ಹೋಗಿ, ಆದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಪಾಠ ಚೆನ್ನಾಗಿದೆ. ಹೇಳಿಕೊಟ್ಟವರು ಒಳ್ಳೆಯವರು. ಇಟ್ಟ ಟೈಮು ಸರಿ ಇಲ್ಲ, ಕೊಟ್ಟ ಬ್ರಷ್ಷು ಕೆಲಸಕ್ಕೆ ಬಾರದು, ಕರೆಯಬೇಕಾದವರನ್ನು ಕರೆದಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಯಾಕೆ ಅಂತ ಬರೆದಿದ್ದೇನೆ, ಸ್ವಲ್ಪ ಉದ್ದವಾಯಿತು.

ನಾನು ಮದ್ದೂರು ಕಡೆಯವಳು. ಗಾರ್ಮೆಂಟ್ಸ್‌ಗೆ ಹೋಗುತ್ತೇನೆ, ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ನಮ್ಮೂರ ಅಂಗನವಾಡಿಗೆ ಮೈಸೂರಿನ ಒಂದು ಡೆಂಟಲ್ ಕಾಲೇಜಿನವರು ತಿಂಗಳಿಗೊಂದು ಸಲ ಬಂದು ತಾಯಂದಿರಿಗೆ ಮಕ್ಕಳ ಹಲ್ಲು ನೋಡಿಕೊಳ್ಳೋದು ಹೇಗೆ ಅಂತ ಹೇಳಿಕೊಡುತ್ತಾರೆ. ದುಡ್ಡಿಲ್ಲ. ಯಾರು ಬೇಕಾದರೂ ಹೋಗಿ ಕೂರಬಹುದು. ಆದರೆ ಟೀಚರ್ ಮನೆ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯೋದು ಕೆಲವರನ್ನು ಮಾತ್ರ. ವಯಸ್ಸಿಗೆ ತಕ್ಕ ಎತ್ತರ ಬರದ ಮಕ್ಕಳು, ಹೀಗೇ ಬಿಟ್ಟರೆ ಬರದೇ ಹೋಗಬಹುದು ಅನ್ನಿಸಿದ ಮಕ್ಕಳು, ಅವರ ಅಮ್ಮಂದಿರು. ನನ್ನ ಮಗನ ಹೆಸರೂ ಆ ಪಟ್ಟಿಯಲ್ಲಿತ್ತು.

ನಮ್ಮ ಮನೆಯವರಿಗೆ ಇದನ್ನು ಕೇಳಿ ಸಿಟ್ಟು ಬಂತು. "ನಮ್ಮಪ್ಪಾನೂ ಕುಳ್ಳ, ನಾನೂ ಕುಳ್ಳ. ಇವ್ನೇನು ಆರಡಿ ಬೆಳೀಬೇಕಾ?" ಅಂದರು. ಟೀಚರ್ ಬೇಜಾರು ಮಾಡಿಕೊಳ್ಳದೆ ತಾಯಿ ಕಾರ್ಡು ತೆಗೆಸಿ ತೋರಿಸಿದರು. ಐದು ವರ್ಷದವರೆಗೆ ಮಗು ಎಷ್ಟು ಬೆಳೆಯುತ್ತದೆ ಅನ್ನೋದರಲ್ಲಿ ವಂಶಕ್ಕಿಂತ ಊಟ, ಕಾಯಿಲೆ, ಬಸುರಿಯಲ್ಲಿ ತಾಯಿ ಹೇಗಿದ್ದಳು ಅನ್ನೋದರ ಪಾಲೇ ಜಾಸ್ತಿಯಂತೆ. ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮ ದೇಶವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಒಂದು ಲೆಕ್ಕ ಮಾಡಿಟ್ಟಿದ್ದಾರೆ. ಅದರ ಪ್ರಕಾರ ಎರಡು ತುಂಬಿದ ಗಂಡು ಮಗು ಸುಮಾರು 87 ಸೆಂಟಿಮೀಟರ್ ಇರುತ್ತದೆ. 81ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತ ಅಂತ ಬರೆದುಕೊಳ್ಳುತ್ತಾರೆ. ನನ್ನ ಮಗ 81ರ ಗೆರೆಗಿಂತ ಮೇಲಿದ್ದದ್ದು ಬೆರಳಗಲ ಕೂಡ ಇಲ್ಲ. ನೋಡೋಕೆ ಗುಂಡಗಿದ್ದಾನೆ, ಕೆನ್ನೆ ತುಂಬಿಕೊಂಡಿದೆ. ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ತೆಳ್ಳಗಿರೋ ಮಗು ಕಣ್ಣಿಗೆ ಬೀಳುತ್ತದೆ, ಎತ್ತರ ಬರದ ಮಗು ಬೀಳಲ್ಲ. ವಯಸ್ಸಿಗಿಂತ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಕ್ಕಳು ಹೀಗೇ ಇದ್ದರು. ಮೂರು ಮಕ್ಕಳಲ್ಲಿ ಒಂದು. ಅಂಗನವಾಡಿ ಯೋಜನೆ ರಾಜ್ಯದಲ್ಲಿ ಶುರುವಾಗಿದ್ದೇ ನಮ್ಮ ಪಕ್ಕದ ತಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ಕ್ಕೆ. ಇಷ್ಟು ವರ್ಷ ತೂಕ ಹಾಕಿದರು, ಎತ್ತರ ಅಳೆದರು, ಹಾಲು ಮೊಟ್ಟೆ ಕೊಟ್ಟರು. ಅದನ್ನೆಲ್ಲ ಅಗಿಯೋ ಹಲ್ಲನ್ನು ಯಾರಾದರೂ ಬಾಯಿ ತೆರೆಸಿ ನೋಡೋಕೆ ಇಷ್ಟು ಕಾಲ ಬೇಕಾಯಿತಲ್ಲ ಅಂತ ನನಗೆ ಆಶ್ಚರ್ಯ.

ಎತ್ತರಕ್ಕೂ ಹಲ್ಲಿಗೂ ಏನು ಸಂಬಂಧ? ನಾನೂ ಇದನ್ನೇ ಕೇಳಿದೆ. ಪಾಠ ಹೇಳಲು ಬಂದ ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಕೊಟ್ಟ ಉತ್ತರ ನನಗೆ ಹಿಡಿಸಿತು, ಯಾಕೆಂದರೆ ಉತ್ಪ್ರೇಕ್ಷೆ ಇರಲಿಲ್ಲ. "ಹಲ್ಲು ಹುಳುಕಾಗಿದ್ದಕ್ಕೇ ಮಗು ಕುಳ್ಳ ಆಯ್ತು ಅಂತ ನಾನು ಹೇಳಲ್ಲ. ಊಟ ಸಾಲದೇ ಇರೋದು, ಪದೇ ಪದೇ ಭೇದಿ, ತಾಯಿಗೆ ರಕ್ತ ಕಡಿಮೆ ಇದ್ದದ್ದು, ಎಲ್ಲಾ ಸೇರುತ್ತೆ. ಆದ್ರೆ ಈಗಾಗ್ಲೇ ಹಿಂದೆ ಬಿದ್ದಿರೋ ಮಗುಗೆ ಹಲ್ಲುನೋವೂ ಬಂದ್ರೆ ಅದು ಮೇಲೆ ಏಳೋದು ಕಷ್ಟ" ಅಂದರು. ನೋವಿದ್ದರೆ ಮಗು ಅಗಿಯಲ್ಲ. ಅಗಿಯದಿದ್ದರೆ ಮೆತ್ತಗಿರೋದನ್ನು ಮಾತ್ರ ಕೇಳುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ. ಮಕ್ಕಳು ಬೆಳೆಯೋಕೆ ನಿದ್ದೆಯೂ ಬೇಕಲ್ವಾ.

ಇದನ್ನು ಕೇಳುವಾಗ ನನಗೆ ನಮ್ಮ ಓರಗಿತ್ತಿಯ ಮಗಳು ನೆನಪಾದಳು. ನಾಲ್ಕು ವರ್ಷ. ಮುದ್ದೆ ಕೊಟ್ಟರೆ ಗುಳುಂ ಅಂತ ನುಂಗುತ್ತಾಳೆ. ಹಾಲು ಅನ್ನ ತಿನ್ನುತ್ತಾಳೆ. ಸಾರಿನಲ್ಲಿರೋ ಹುರುಳಿಕಾಳು, ಅವರೆಕಾಳು, ಭಾನುವಾರದ ಕೋಳಿ ತುಂಡು, ಎಲ್ಲ ತಟ್ಟೆಯ ಅಂಚಿಗೆ. ಹಠಮಾರಿ ಅಂತ ಬೈಸಿಕೊಳ್ಳುತ್ತಿದ್ದಳು. ಡಾಕ್ಟರ್ ಬಾಯಿ ತೆರೆಸಿದರೆ ಎರಡೂ ಕಡೆ ಕೆಳಗಿನ ದವಡೆ ಹಲ್ಲುಗಳಲ್ಲಿ ತೂತು. ಬೆಳೆಯೋಕೆ ಬೇಕಾದ್ದನ್ನೆಲ್ಲ ಅಂಚಿಗೆ ತಳ್ಳುತ್ತಿದ್ದಳು, ಯಾಕೆಂದರೆ ಅದನ್ನೆಲ್ಲ ಅಗಿಯಬೇಕು. ನಮ್ಮ ಕಡೆ ಮುದ್ದೆ ನುಂಗಿದರೆ ಹೊಟ್ಟೆ ತುಂಬುತ್ತದೆ, ಹಾಗಾಗಿ ಹಲ್ಲುನೋವು ಮನೆಯವರಿಗೆ ಬೇಗ ಗೊತ್ತೇ ಆಗಲ್ಲ.

ಸಂಬಂಧ ಆ ಕಡೆಯಿಂದಲೂ ಇದೆ ಅಂತ ಹೇಳಿದರು. ಹಾಲುಹಲ್ಲು ಮಗು ಹೊಟ್ಟೆಯಲ್ಲಿರುವಾಗಲೇ ಒಳಗೆ ತಯಾರಾಗೋಕೆ ಶುರುವಾಗುತ್ತದೆ. ಆಗ ಪೋಷಣೆ ಕಡಿಮೆಯಾದರೆ ಹಲ್ಲಿನ ಮೇಲ್ಪದರ ತೆಳುವಾಗಿ, ಗುಳಿ ಗುಳಿಯಾಗಿ ಬರಬಹುದು. ಹಲ್ಲು ಹುಟ್ಟೋದೂ ತಡವಾಗಬಹುದು. ಅಂಥ ಹಲ್ಲು ಬೇಗ ಹುಳುಕಾಗುತ್ತದೆ. ಬೇರೆ ಮಗುವಿಗೆ ನಡೆಯೋ ಒಂದೆರಡು ಬಿಸ್ಕತ್ತು ಈ ಮಗುವಿಗೆ ನಡೆಯದೇ ಹೋಗಬಹುದು. ಪಟ್ಟಿ ಮಾಡಿ ನಮ್ಮನ್ನೇ ಕರೆದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಇಡೀ ಪಾಠದಲ್ಲಿ ನನಗೆ ಬಹಳ ಹಿಡಿಸಿದ್ದು ತುಟಿ ಎತ್ತಿ ನೋಡೋದು. ಡಾಕ್ಟರ್ ಒಂದು ಕುರ್ಚಿಯಲ್ಲಿ, ಎದುರು ಕುರ್ಚಿಯಲ್ಲಿ ನಾನು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಮಗನನ್ನು ನನ್ನ ಕಡೆ ಮುಖ ಮಾಡಿ ತೊಡೆ ಮೇಲೆ ಕೂರಿಸಿಕೊಂಡೆ. ಅವನ ಎರಡು ಕಾಲು ನನ್ನ ಸೊಂಟದ ಅತ್ತ ಇತ್ತ. ಹಾಗೇ ಮೆಲ್ಲಗೆ ಹಿಂದಕ್ಕೆ ಮಲಗಿಸಿದರೆ ತಲೆ ಅವರ ಮಡಿಲಿಗೆ ಹೋಯಿತು. ಅವನು ನನ್ನ ಮುಖ ನೋಡಿಕೊಂಡೇ ಬಾಯಿ ಬಿಟ್ಟು ಅತ್ತ. "ಅಳ್ಲಿ ಬಿಡಿ, ಒಳ್ಳೇದೇ ಆಯ್ತು, ಬಾಯಿ ಪೂರ್ತಿ ಕಾಣುತ್ತೆ" ಅಂದರು. ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿ, "ಬಗ್ಗಿ ನೋಡಿ" ಅಂದರು. ಮೇಲಿನ ಎದುರು ಹಲ್ಲುಗಳಲ್ಲಿ, ಒಸಡಿಗೆ ಅಂಟಿಕೊಂಡ ಹಾಗೆ, ಒಂದು ಸಣ್ಣ ಬಿಳಿ ಗೆರೆ. ಸೀಮೆಸುಣ್ಣದ ಬಣ್ಣ. ಹಲ್ಲೇ ಬೆಳ್ಳಗಿರೋದರಿಂದ ಅದು ಬೇರೆ ಬಿಳಿ ಅಂತ ಗೊತ್ತಾಗೋಕೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ನೋಡಬೇಕಾಯಿತು. ಹುಳುಕು ಶುರುವಾಗೋದೇ ಹೀಗಂತೆ. ಈ ಹಂತದಲ್ಲಿ ನೋವೂ ಇಲ್ಲ, ತೂತೂ ಇಲ್ಲ. ಇಲ್ಲೇ ಹಿಡಿದರೆ ನಿಲ್ಲಿಸಬಹುದು. ಕಂದು ಬಣ್ಣಕ್ಕೆ ತಿರುಗಿ ಕುಳಿ ಬಿದ್ದ ಮೇಲೆ ಮನೆಯಲ್ಲಿ ಮಾಡೋದು ಜಾಸ್ತಿ ಏನೂ ಇರಲ್ಲ.

ಮೇಲಿನ ಹಲ್ಲಿಗೇ ಯಾಕೆ, ಕೆಳಗಿನದಕ್ಕೆ ಯಾಕಿಲ್ಲ ಅಂತ ಪಕ್ಕದಲ್ಲಿದ್ದವಳು ಕೇಳಿದಳು. ಒಳ್ಳೆ ಪ್ರಶ್ನೆ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗಿದ ಮಗುವಿನ ಕೆಳಗಿನ ಎದುರು ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಜೊಲ್ಲೂ ಅಲ್ಲೇ ಜಾಸ್ತಿ. ಮೇಲಿನ ಹಲ್ಲಿಗೆ ಆ ಕಾವಲಿಲ್ಲ. ಸಕ್ಕರೆ ಹಾಕಿದ ಹಾಲು ಅದರ ಸುತ್ತ ನಿಂತುಬಿಡುತ್ತದೆ. ಬಾಯಲ್ಲಿರೋ ಕ್ರಿಮಿ ಆ ಸಿಹಿ ತಿಂದು ಹುಳಿ ಬಿಡುತ್ತದೆ, ಹುಳಿ ಹಲ್ಲಿನ ಗಟ್ಟಿ ಪದರವನ್ನು ಕರಗಿಸುತ್ತದೆ. ಹಗಲಲ್ಲಾದರೆ ಜೊಲ್ಲು ಬಂದು ತೊಳೆದು ಸರಿ ಮಾಡುತ್ತದೆ. ಮಲಗಿದಾಗ ಜೊಲ್ಲು ಊರೋದೇ ಕಡಿಮೆ.

ಬಾಟಲಿ ಬಿಡಿಸೋ ಉಪಾಯ ಕೂಡ ಹೇಳಿಕೊಟ್ಟರು. ಒಂದೇ ರಾತ್ರಿಗೆ ಕಿತ್ತುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆ ಇರಲ್ಲ. ಮೊದಲು ಸಕ್ಕರೆ ನಿಲ್ಲಿಸಿ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ನೀರು ಬೆರೆಸುತ್ತಾ ಹೋಗಿ, ಕೊನೆಗೆ ಬರೀ ನೀರು. ಹಾಲನ್ನು ಊಟದ ಹೊತ್ತಿಗೆ ಲೋಟದಲ್ಲಿ ಕೊಡಿ. ನಮ್ಮನೆಯಲ್ಲಿ ಇದು ನಡೆಯಿತು. ಎದೆಹಾಲು ಬಿಡಿಸಬೇಕಾ ಅಂತ ಒಬ್ಬಳು ಕೇಳಿದ್ದಕ್ಕೆ ಖಂಡಿತ ಬೇಡ ಅಂದರು. ಎರಡು ವರ್ಷದವರೆಗೆ, ಆಮೇಲೂ ಕೊಡಬಹುದು. ಹಲ್ಲು ಬಂದ ಮೇಲೆ ಮಲಗೋ ಮುಂಚೆ ಉಜ್ಜಿದರಾಯಿತು.

ಈಗ ಬೆಲ್ಲದ ವಿಷಯ. ಸಕ್ಕರೆ ನಾಡಿನಲ್ಲಿ ನಿಂತು ಸಿಹಿ ಕಡಿಮೆ ಮಾಡಿ ಅಂತ ಹೇಳೋಕೆ ಧೈರ್ಯ ಬೇಕು. ನಮ್ಮೂರಲ್ಲಿ ಆಲೆಮನೆ ಇದೆ. ಕಬ್ಬು ಕಡಿಯೋ ಕಾಲದಲ್ಲಿ ಮಕ್ಕಳು ಬಿಸಿ ಬೆಲ್ಲ ನೆಕ್ಕಿಕೊಂಡೇ ಓಡಾಡುತ್ತವೆ. ರಾಗಿ ಸರಿಗೆ ಬೆಲ್ಲ, ಹಾಲಿಗೆ ಬೆಲ್ಲ, ಅತ್ತರೆ ಕೈಗೆ ಒಂದು ಅಚ್ಚು ಬೆಲ್ಲದ ಚೂರು. ನಾನು ಹೋಗದ ದಿನ ನನ್ನ ಬದಲಿಗೆ ನಮ್ಮ ಅತ್ತೆ ಹೋಗಿದ್ದರು. ಆ ದಿನದ ಜಗಳ ಊರೆಲ್ಲ ಮಾತಾಯಿತು. "ಸಕ್ರೆ ಬ್ಯಾಡ ಅಂದ್ರೆ ಒಪ್ಕೋತೀನಿ ಕಣವ್ವ. ಅದು ಮಿಷಿನ್ನಾಗೆ ಮಾಡಿರೋದು. ಬೆಲ್ಲ ನಮ್ಮನೇಲೇ ಬೆಳ್ದಿರೋದು, ಮೈಗೆ ರಕ್ತ ಬತ್ತದೆ. ಅದೇನ್ ಮಾಡ್ತು ನಿಂಗೆ?" ಅಂತ ಅತ್ತೆ ಕೇಳಿದರಂತೆ.

ಡಾಕ್ಟರ್ ನಕ್ಕು, "ಅಜ್ಜಿ, ಬೆಲ್ಲ ಯಾರ ಹೊಲದ್ದು ಅಂತ ಹಲ್ಲಿನ ಕ್ರಿಮಿ ಕೇಳಲ್ಲ" ಅಂದರಂತೆ. ಬೆಲ್ಲವೂ ಮುಕ್ಕಾಲುಪಾಲಿಗಿಂತ ಜಾಸ್ತಿ ಸಕ್ಕರೆಯೇ, ಮೇಲಿಂದ ಅಂಟು. ಹಲ್ಲಿನ ಸಂದಿಯಲ್ಲಿ ಕೂತರೆ ಬೇಗ ಬಿಡಲ್ಲ. ಆದರೆ ಆಮೇಲೆ ಹೇಳಿದ್ದು ಅತ್ತೆಗೂ ಒಪ್ಪಿಗೆಯಾಯಿತು. ಎಷ್ಟು ತಿಂದ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದ ಅನ್ನೋದು ಮುಖ್ಯ. ಒಂದು ಸಲ ಸಿಹಿ ಬಾಯಿಗೆ ಬಿದ್ದರೆ ಹುಳಿ ಇಳಿಯೋಕೆ ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಚೂರು ಕೊಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ. ಎರಡು ವರ್ಷದೊಳಗೆ ಸಿಹಿ ಸೇರಿಸೋದೇ ಬೇಡ, ಮಗುವಿಗೆ ಅದರ ರುಚಿ ಗೊತ್ತೇ ಇರಲ್ಲ. ದೊಡ್ಡ ಮಕ್ಕಳಿಗೆ ಹಬ್ಬ ಹುಣ್ಣಿಮೆಗೆ ಒಬ್ಬಟ್ಟು, ಪಾಯಸ ಊಟದ ಜೊತೆ ಕೊಟ್ಟುಬಿಡಿ. ಮಧ್ಯ ಮಧ್ಯ ಕೈಗೆ ಚೂರು ಕೊಡೋದು ನಿಲ್ಲಿಸಿ. ಹಬ್ಬದ ಒಬ್ಬಟ್ಟಿಗೆ ಅಡ್ಡಿ ಇಲ್ಲ ಅಂದ ಮೇಲೆ ಅತ್ತೆ ಅಲ್ಲೇ ಕೂತರು.

ಟೀ ಬಗ್ಗೆಯೂ ಮಾತು ಬಂತು. ಸಂಜೆ ನಾವು ಟೀ ಕುಡಿಯುವಾಗ ಮಗುವಿಗೂ ಒಂದು ಬಟ್ಟಲಲ್ಲಿ ಟೀ, ಅದರಲ್ಲಿ ಅದ್ದಿದ ಬಿಸ್ಕತ್ತು. ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇದೇ. ಅದ್ದಿದ ಬಿಸ್ಕತ್ತು ದವಡೆ ಹಲ್ಲಿನ ಗೀರುಗಳಲ್ಲಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಟೀ ಊಟದಲ್ಲಿರೋ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತದೆ. ಇವೆರಡರ ಮೇಲೆ ಹೊಟ್ಟೆ ತುಂಬಿ ರಾತ್ರಿ ಊಟ ಬೇಡ ಅನ್ನುತ್ತದೆ. ಹಲ್ಲಿಗೂ ಎತ್ತರಕ್ಕೂ ಒಂದೇ ಏಟಿನಲ್ಲಿ ನಷ್ಟ.

ಒಬ್ಬಳು ಜೋರಾಗಿಯೇ ಕೇಳಿದಳು, "ಮನೆಗೆ ಕೊಡ್ತೀರಲ್ಲ ಪೌಷ್ಟಿಕ ಪುಡಿ, ಅದೂ ಸಿಹಿಯೇ ಅಲ್ವಾ?" ಟೀಚರ್ ಡಾಕ್ಟರ್ ಮುಖ ನೋಡಿದರು. ಡಾಕ್ಟರ್ ತಪ್ಪಿಸಿಕೊಳ್ಳಲಿಲ್ಲ. ಅದನ್ನು ನಿಲ್ಲಿಸಬೇಡಿ, ಮಗುವಿಗೆ ಅದು ಬೇಕು, ಆದರೆ ಊಟದ ಹಾಗೆ ಕೊಡಿ ಅಂದರು. ಬಟ್ಟಲಲ್ಲಿ ಕಲಸಿ, ಚಮಚದಲ್ಲಿ, ಒಂದೇ ಕೂತಿಗೆ ತಿನ್ನಿಸಿ, ಮೇಲೆ ನೀರು ಕುಡಿಸಿ. ಉಂಡೆ ಮಾಡಿ ಕೈಗೆ ಕೊಟ್ಟು ಇಡೀ ದಿನ ನೆಕ್ಕೋಕೆ ಬಿಡಬೇಡಿ. ಇಷ್ಟು ನೇರ ಉತ್ತರ ನಾನು ನಿರೀಕ್ಷೆ ಮಾಡಿರಲಿಲ್ಲ.

ಕಬ್ಬಿಣದ ಸಿರಪ್ಪಿನ ವಿಷಯ ಯಾರೂ ಎಲ್ಲೂ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತೇನೆ. ಆಶಾ ಅಕ್ಕ ಕೊಡೋ ಸಿರಪ್ ಕುಡಿಸಿದರೆ ಹಲ್ಲು ಕಪ್ಪಾಗುತ್ತದೆ ಅಂತ ನಮ್ಮೂರಲ್ಲಿ ಸುಮಾರು ಜನ ನಿಲ್ಲಿಸಿಬಿಟ್ಟಿದ್ದಾರೆ. ಬಾಟಲಿ ಮನೆಯ ಗೂಡಿನಲ್ಲಿ ಧೂಳು ಹಿಡಿಯುತ್ತಿರುತ್ತದೆ. ಆ ಕಪ್ಪು ಮೇಲಿನ ಕಲೆ, ಹುಳುಕು ಅಲ್ಲ, ಹಲ್ಲಿನ ಡಾಕ್ಟರ್ ಉಜ್ಜಿ ತೆಗೆಯಬಹುದು ಅಂತ ತೋರಿಸಿದರು. ಸಿರಪ್ಪನ್ನು ನಾಲಿಗೆಯ ಹಿಂಭಾಗಕ್ಕೆ ಬೀಳೋ ಹಾಗೆ ಹಾಕಿ, ಮೇಲೆ ನೀರು ಕುಡಿಸಿ, ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸಿದರೆ ಕಲೆ ಅಷ್ಟಾಗಿ ಹಿಡಿಯಲ್ಲ. ರಕ್ತ ಕಡಿಮೆ ಇರೋ ಮಗುವಿಗೆ ಹಲ್ಲಿನ ಅಂದಕ್ಕಾಗಿ ಸಿರಪ್ ನಿಲ್ಲಿಸೋದಾ? ಇದೊಂದು ಮಾತಿಗಾದರೂ ಈ ಪಾಠ ಎಲ್ಲ ಊರಲ್ಲೂ ನಡೆಯಬೇಕು.

ಪೇಸ್ಟಿನ ಭಾಗ ಮಜವಾಗಿತ್ತು. ಮನೆಯಿಂದ ಪೇಸ್ಟಿನ ಟ್ಯೂಬ್ ತನ್ನಿ ಅಂತ ಮೊದಲೇ ಹೇಳಿದ್ದರು. ಎಲ್ಲರೂ ಟ್ಯೂಬ್ ಹಿಡಿದುಕೊಂಡು ಕೂತೆವು. ಹುಳುಕು ತಡೆಯೋ ಫ್ಲೋರೈಡ್ ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆಯಲೇಬೇಕು ಅಂತ ಕಾನೂನಿದೆ, 1000 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಮೀರುವ ಹಾಗಿಲ್ಲ ಅಂತಲೂ ಇದೆ. ಆದರೆ ಅಕ್ಷರ ಎಷ್ಟು ಸಣ್ಣದು ಅಂದರೆ ನಾನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಕೆಲವು ಟ್ಯೂಬುಗಳಲ್ಲಿ ಫ್ಲೋರೈಡ್ ಇರಲೇ ಇಲ್ಲ. ಗೊಂಬೆ ಚಿತ್ರ ಹಾಕಿ ಜಾಸ್ತಿ ಬೆಲೆಗೆ ಮಾರೋ ಮಕ್ಕಳ ಪೇಸ್ಟ್ ಒಂದರಲ್ಲಿ ಅರ್ಧವೂ ಇರಲಿಲ್ಲ. ಸಾವಿರ ಇರೋ ಮನೆಯ ಪೇಸ್ಟೇ ಸಾಕು, ಆದರೆ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಮಾತ್ರ. ಒಂದು ಅಕ್ಕಿಕಾಳನ್ನೇ ಬ್ರಷ್ಷಿನ ಮೇಲಿಟ್ಟು ತೋರಿಸಿದರು. ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು. ಟಿವಿಯ ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಾಕ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ, ಹಲ್ಲಿಗಾಗಿ ಅಲ್ಲ. ಈ ಮಾತು ನನ್ನದು, ಡಾಕ್ಟರದ್ದಲ್ಲ.

ಉಜ್ಜಿದ ಮೇಲೆ ಉಗಿಸಿ, ಬಾಯಿ ಮುಕ್ಕಳಿಸಿ ತೊಳೆದುಬಿಡಬೇಡಿ ಅಂದರು, ಪೇಸ್ಟಿನ ಔಷಧ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಇರಲಿ ಅಂತ. ದಿನಕ್ಕೆ ಎರಡು ಸಲ, ರಾತ್ರಿಯದ್ದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಮಗು ತಾನೇ ಉಜ್ಜಿಕೊಳ್ಳುತ್ತೇನೆ ಅಂದರೆ ಉಜ್ಜಿಕೊಳ್ಳಲಿ, ಆಮೇಲೆ ನೀವು ಒಂದು ಸುತ್ತು ಉಜ್ಜಿ. ಹಲ್ಲುಪುಡಿ, ಇದ್ದಿಲು, ಇಟ್ಟಿಗೆಪುಡಿ ಬೇಡ.

"ಉದುರೋ ಹಲ್ಗೆ ಯಾಕವ್ವ ಇಷ್ಟೊಂದು ರಾಮಾಯ್ಣ?" ಇದೂ ನಮ್ಮ ಅತ್ತೆಯ ಪ್ರಶ್ನೆಯೇ. ಅಲ್ಲಿ ಕೂತಿದ್ದ ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು, ಕೇಳಿದ್ದು ಅವರೊಬ್ಬರೇ. ಎದುರಿನ ಹಾಲುಹಲ್ಲು ಆರೇಳು ವರ್ಷಕ್ಕೆ ಉದುರುತ್ತದೆ, ನಿಜ. ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರುತ್ತದೆ. ಮಗು ಬೆಳೆಯೋ ಅಷ್ಟೂ ವರ್ಷ ಅಗಿಯಬೇಕಾದ್ದು ಅದರಲ್ಲೇ. ಆರು ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಉದುರದೆ ಬರೋದರಿಂದ ಅದೂ ಹಾಲುಹಲ್ಲೇ ಅಂದುಕೊಂಡು ಜನ ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು.

ಹೊಗಳಿದ್ದು ಸಾಕು. ಈಗ ದೂರು.

ಗೋಡೆಗೆ ಹಾಕಿದ ಚಿತ್ರಪಟ ನೋಡಿ ನಗು ಬಂತು. "ಹಲ್ಲಿಗೆ ಒಳ್ಳೆಯ ಆಹಾರ" ಅಂತ ಸ್ಟ್ರಾಬೆರಿ, ಚೀಸ್, ಬ್ರಕೋಲಿ. ನಮ್ಮೂರ ಸಂತೆಯಲ್ಲಿ ಬ್ರಕೋಲಿ ಕೇಳಿದರೆ ಹೂಕೋಸು ಕೊಟ್ಟು ಕಳಿಸುತ್ತಾರೆ. ಮೊಟ್ಟೆ, ಮೊಸರು, ಸೊಪ್ಪಿನ ಬಸ್ಸಾರು, ಮೊಳಕೆ ಕಟ್ಟಿದ ಹುರುಳಿ, ಕಡಲೆಬೀಜದ ಚಟ್ನಿಪುಡಿ, ಸೀಬೆಹಣ್ಣು, ಇವುಗಳ ಚಿತ್ರ ಬರೆಯೋಕೆ ಎಷ್ಟು ಖರ್ಚಾಗುತ್ತಿತ್ತು? ಬಾಯಲ್ಲಿ ಹೇಳುವಾಗ ಡಾಕ್ಟರ್ ಇವನ್ನೇ ಹೇಳಿದರು. ಗೋಡೆ ಮಾತ್ರ ಬೇರೆ ದೇಶದಲ್ಲಿತ್ತು.

ಉಚಿತವಾಗಿ ಕೊಟ್ಟ ಬ್ರಷ್ಷು ದೊಡ್ಡವರ ಅಳತೆಯದ್ದು, ಕೂದಲು ಒರಟು. ಎರಡು ವರ್ಷದ ಮಗುವಿನ ಬಾಯಿಗೆ ಅದು ಹಿಡಿಸಲ್ಲ. ಒಸಡಿಗೆ ತಾಗಿ ಮೊದಲ ದಿನವೇ ಅತ್ತರೆ ಎರಡನೇ ದಿನ ಬಾಯೇ ಬಿಡಲ್ಲ. ಪಾಠದಲ್ಲಿ ಮೃದು ಕೂದಲಿನ ಚಿಕ್ಕ ಬ್ರಷ್ ಅಂತ ಹೇಳಿ, ಕೈಗೆ ಇದನ್ನು ಕೊಟ್ಟರೆ ಹೇಗೆ? ನಾನು ಮದ್ದೂರಿನ ಮೆಡಿಕಲ್ ಸ್ಟೋರಿನಲ್ಲಿ ಬೇರೆ ತಂದೆ. ಕೊಟ್ಟದ್ದರಲ್ಲಿ ನಮ್ಮ ಮನೆಯವರು ಬೈಕಿನ ಚೈನ್ ಉಜ್ಜುತ್ತಿದ್ದಾರೆ.

ಆದರೆ ದೊಡ್ಡ ದೂರು ಟೈಮಿನದ್ದು. ಬೆಳಿಗ್ಗೆ ಹನ್ನೊಂದಕ್ಕೆ, ವಾರದ ಮಧ್ಯೆ. ಈ ಕಡೆಯ ಊರುಗಳಿಂದ ಎಷ್ಟು ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ ಅಂತ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತು ನೋಡಿದರೆ ಸಾಕು. ಉಳಿದವರು ಗದ್ದೆಗೆ, ನಾಟಿಗೆ, ಕಬ್ಬಿಗೆ. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ, ಜೊತೆಗೆ ಹಾಜರಾತಿ ಬೋನಸ್ಸೂ ಹೋಗುತ್ತದೆ. ಪುಕ್ಕಟೆ ಪಾಠ ಅಂತಾರೆ, ನನಗೆ ಪುಕ್ಕಟೆ ಆಗಲಿಲ್ಲ. ಅದಕ್ಕೇ ಮುಂದಿನದಕ್ಕೆ ಅತ್ತೆಯನ್ನು ಕಳಿಸಿದ್ದು.

ಅಲ್ಲಿ ಏನಾಯಿತು ಅಂದರೆ, ಹಾಜರಿ ಹಾಳೆಯಲ್ಲಿ ಇದ್ದದ್ದು ತಾಯಿಯ ಹೆಸರಿನ ಕಲಂ ಮಾತ್ರ. ಜೊತೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬರು "ತಾಯಿ ಬಂದಿಲ್ವಾ, ಹಾಗಾದ್ರೆ ಹಿಂದೆ ಕೂತ್ಕೊಳ್ಳಿ" ಅಂದರಂತೆ. ಕೊನೆಗೆ ಕೇಳಿದ ಪ್ರಶ್ನೆಗಳ ಹಾಳೆಯನ್ನೂ ಅತ್ತೆಗೆ ಕೊಡಲಿಲ್ಲ. ಆದರೆ ನಮ್ಮನೆಯಲ್ಲಿ ಬೆಳಿಗ್ಗೆ ನಾನು ಬಸ್ ಹತ್ತಿದಾಗಿನಿಂದ ಸಂಜೆ ಇಳಿಯೋವರೆಗೆ ಮಗುವಿಗೆ ತಿನ್ನಿಸೋರು, ತೊಳೆಯೋರು, ಮಲಗಿಸೋರು ಎಲ್ಲ ಅವರೇ. ಬೆಲ್ಲದ ಡಬ್ಬಿ ಅವರ ಕೈಯಲ್ಲಿದೆ. ಅನ್ನ ಗಟ್ಟಿಯಿದ್ದರೆ ತಾವು ಅಗಿದು ಮೆತ್ತಗೆ ಮಾಡಿ ಮಗುವಿನ ಬಾಯಿಗಿಡೋದು ಅವರು. ಹಾಗೆ ಮಾಡಿದರೆ ದೊಡ್ಡವರ ಬಾಯಿಯ ಹುಳುಕಿನ ಕ್ರಿಮಿ ಮಗುವಿನ ಬಾಯಿಗೆ ಹೋಗುತ್ತದೆ ಅನ್ನೋ ಮಾತು ನನಗಿಂತ ಅವರಿಗೆ ಗೊತ್ತಿರಬೇಕಾದ್ದು.

ಹಿಂದೆ ಕೂರಿಸಿದರೂ ಅತ್ತೆ ಸುಮ್ಮನಿರಲಿಲ್ಲ ಅನ್ನೋದು ನಿಮಗೆ ಈಗಾಗಲೇ ಗೊತ್ತಾಗಿದೆ. ಎಲ್ಲ ಮುಗಿದ ಮೇಲೆ ಡಾಕ್ಟರ್ ಹತ್ತಿರ ಹೋಗಿ "ನಂದೂ ಒಸಿ ನೋಡವ್ವ" ಅಂತ ಬಾಯಿ ತೆರೆದರಂತೆ. ಎಲೆ ಅಡಿಕೆ ಹಾಕಿ ಹಾಕಿ ಕೆಂಪಾದ ಬಾಯಿ, ಎರಡು ಮುರುಕು ಬೇರು ಒಳಗೇ ಇದ್ದವು. ಡಾಕ್ಟರ್ ಬ್ಯಾಟರಿ ಹಾಕಿ ನಿಧಾನವಾಗಿ ನೋಡಿ, ಬೇರು ತೆಗೆಸಬೇಕು, ಹೊಗೆಸೊಪ್ಪು ಬಿಡಬೇಕು ಅಂತ ಬರೆದುಕೊಟ್ಟಿದ್ದಾರೆ. ಚೀಟಿ ದೇವರ ಫೋಟೋ ಹಿಂದೆ ಇದೆ. ಹೊಗೆಸೊಪ್ಪು ಇನ್ನೂ ಸೆರಗಿನ ಗಂಟಿನಲ್ಲಿದೆ. ಆದರೆ ಅಗಿದು ಕೊಡೋದು ಅಂದಿಗೇ ನಿಂತಿತು, ಮಧ್ಯಾಹ್ನ ಊಟವಾದ ಮೇಲೆ ಒದ್ದೆ ಬಟ್ಟೆಯಲ್ಲಿ ಮಗುವಿನ ಹಲ್ಲು ಒರೆಸೋದು ಶುರುವಾಯಿತು. ತುಟಿ ಎತ್ತಿ ನೋಡೋದರಲ್ಲಿ ಅವರು ನನಗಿಂತ ಚುರುಕು. ಓಣಿಯ ಬೇರೆ ಮಕ್ಕಳದ್ದೂ ಎತ್ತಿ ನೋಡಿ ವರದಿ ಕೊಡುತ್ತಾರೆ.

ಗಂಡಸರನ್ನಂತೂ ಯಾರೂ ಕರೆದೇ ಇಲ್ಲ. ಸಂಜೆ ಮನೆಗೆ ಬರುವಾಗ ಐದು ರೂಪಾಯಿ ಪೊಟ್ಟಣ, ಲಾಲಿಪಪ್ ತರೋರು ಯಾರು ಹಾಗಾದರೆ?

ಓರಗಿತ್ತಿಯ ಮಗಳ ವಿಷಯಕ್ಕೆ ಬಂದರೆ, ಅಂಗನವಾಡಿಯಲ್ಲಿ ಚಿಕಿತ್ಸೆ ಮಾಡಲ್ಲ, ಕಾಲೇಜಿಗೆ ಬನ್ನಿ ಅಂತ ಚೀಟಿ ಕೊಡುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ, ಹಾಗಾಗಿ ಮೈಸೂರಿಗೆ ಹೋಗಿಬರೋ ಖರ್ಚಿಲ್ಲ, ದಿನ ಮಾತ್ರ ಪೂರ್ತಿ ಹೋಗುತ್ತದೆ. ಅಲ್ಲಿ ಬೆಳ್ಳಿ ಮತ್ತು ಫ್ಲೋರೈಡ್ ಸೇರಿದ ಒಂದು ಔಷಧವನ್ನು ತೂತಿಗೆ ಹಚ್ಚಿದರು. ಸೂಜಿ ಇಲ್ಲ, ಮಿಷನ್ ಸದ್ದಿಲ್ಲ, ಮಗು ಅಳಲಿಲ್ಲ. ಹುಳುಕು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಆದರೆ ಹಚ್ಚಿದ ಜಾಗ ಕಪ್ಪಾಗುತ್ತದೆ. ಮೊದಲೇ ಫೋಟೋ ತೋರಿಸಿ, ಒಪ್ಪಿಗೆ ಸಹಿ ತಗೊಂಡು ಮಾಡಿದರು, ಅದು ಮೆಚ್ಚಬೇಕಾದ್ದು. ಹೆಣ್ಣು ಮಗು, ಹಲ್ಲು ಕಪ್ಪಾದರೆ ಹೇಗೆ ಅಂತ ಓರಗಿತ್ತಿ ಎರಡು ದಿನ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ದವಡೆ ಹಲ್ಲು, ನಕ್ಕರೂ ಕಾಣಲ್ಲ. ಈಗ ಅವಳು ಹುರುಳಿಕಾಳು ಅಗಿಯುತ್ತಾಳೆ. ಕೋಳಿ ತುಂಡಿಗೆ ಅಣ್ಣನ ಜೊತೆ ಜಗಳ ಆಡುತ್ತಾಳೆ.

ಅಷ್ಟು ದೂರ ಹೋಗೋಕೆ ಆಗದವರಿಗೆ ಒಂದು ಮಾತು. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡೋಕೆ ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಮಕ್ಕಳ ಆರೋಗ್ಯ ತಪಾಸಣೆ ತಂಡದ ಡಾಕ್ಟರುಗಳು ಬರುತ್ತಾರೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲೂ ಇದೆ. ಅವರು ಬಂದ ದಿನ ಮಗುವಿನ ಬಾಯಿ ತೆರೆಸಿ ತೋರಿಸಿ, ಅವರೇ ಕೇಳಲಿ ಅಂತ ಕಾಯಬೇಡಿ.

ಮಗನ ಬಿಳಿ ಗೆರೆ ಹಾಗೇ ಇದೆ, ಆದರೆ ದೊಡ್ಡದಾಗಿಲ್ಲ. ಡಾಕ್ಟರ್ ಅದರ ಮೇಲೆ ಫ್ಲೋರೈಡ್ ವಾರ್ನಿಷ್ ಅನ್ನೋ ಲೇಪ ಹಚ್ಚಿದ್ದಾರೆ, ಕೆಲವು ತಿಂಗಳು ಬಿಟ್ಟು ಮತ್ತೆ ಹಚ್ಚಬೇಕಂತೆ. ಬ್ರಷ್ ಮಾಡಿದ್ದಕ್ಕೆ ಎತ್ತರ ಬಂದುಬಿಡುತ್ತದೆ ಅಂತ ಕಾಯಬೇಡಿ, ಊಟ ನೋಡಿಕೊಳ್ಳಿ ಅಂತ ಅವರೇ ಎಚ್ಚರಿಸಿದ್ದಾರೆ.

ಹೋಗುವವರು ಮನೆಯ ಪೇಸ್ಟ್ ಟ್ಯೂಬ್, ತಾಯಿ ಕಾರ್ಡ್, ಒಂದು ಮೆತ್ತನೆಯ ಹಳೇ ಬಟ್ಟೆ ತಗೊಂಡು ಹೋಗಿ. ಮಗುವಿಗೆ ತಿನ್ನಿಸೋರು ಯಾರೋ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹಾಳೆಯಲ್ಲಿ ಕಲಂ ಇರಲಿ ಇಲ್ಲದಿರಲಿ. ಮುಂದಿನದು ಸೆಪ್ಟೆಂಬರಿನ ಪೋಷಣ್ ಮಾಸದಲ್ಲಿ (ಪೌಷ್ಟಿಕ ಆಹಾರದ ಬಗ್ಗೆ ಸರ್ಕಾರ ನಡೆಸೋ ಕಾರ್ಯಕ್ರಮ), ಅವತ್ತು ಎತ್ತರವನ್ನೂ ಅಳೆಯುತ್ತಾರೆ ಅಂತ ಟೀಚರ್ ಹೇಳಿದ್ದಾರೆ. ನಮ್ಮ ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ, ಅವತ್ತು ರಜೆ ಹಾಕೋದು ಅವರ ಸರದಿ.